ತೊಳೆಯದ ತಲೆಗೂದಲು

ಮೊನ್ನೆ ಸ್ವೀಡನ್ನಿನ ಶೋವ್ಡೆ ಪೇಟೆಗೆ ಹೋಗುವ ಬಸ್ಸು ಹತ್ತಿ ಟಿಕೆಟ್ ತೋರಿಸೋಣವೆಂದು ಕೋಟಿನ ಒಳಜೇಬಿಗೆ ಕೈ ಹಾಕಿದೆ. ಫೋನಿನ ಜೊತೆಗೆ ಹೆಂಗಸರ ನೈಲಾನ್ ಕಾಲುಚೀಲವೊಂದು ಎಳೆದುಕೊಂಡು ಹೊರಬಂತು. ಉದ್ದನೆಯದು, ಮೈಬಣ್ಣದ್ದು, ಹಿಮ್ಮಡಿಯ ಹತ್ತಿರ ತೂತು ಬಿದ್ದದ್ದು. ಡ್ರೈವರಮ್ಮ ಅದನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಆಮೇಲೆ ಈ ದೇಶದವರ ರೂಢಿಯಂತೆ ತಾನು ಏನನ್ನೂ ನೋಡಲೇ ಇಲ್ಲವೆಂಬ ಹಾಗೆ ರಸ್ತೆಯ ಕಡೆ ತಿರುಗಿದಳು. ನನ್ನ ಹಿಂದೆ ನಿಂತಿದ್ದ ಸುಹಾಸ ಮಾತ್ರ ಬಿಡಲಿಲ್ಲ.

"ಏನ್ ಮಂಜಣ್ಣಾ ಇದು, ಶೋಭಕ್ಕಂಗೆ ಗೊತ್ತಾ?"

"ಗೊತ್ತು. ಇದು ಜಿಂಕೆಗೆ."

"ಜಿಂಕೆಗೆ ಸ್ಟಾಕಿಂಗ್ಸಾ?"

ಸುಹಾಸ ಮೈಸೂರಿನ ಹುಡುಗ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಾನೆ. ತಿಂಗಳಿಗೊಮ್ಮೆ ನನ್ನ ಹತ್ತಿರ ತಲೆ ಕೊಟ್ಟು ಕೂರುತ್ತಾನೆ. ದಾರಿಯುದ್ದಕ್ಕೂ ಅವನಿಗೆ ಈ ಕಥೆ ಹೇಳಿದೆ. ಅವನು ಕೇಳಿದ ಪ್ರಶ್ನೆ ಒಂದೇ: "ಕೂದಲು ಕಟ್ಟಿದ್ರೆ ಜಿಂಕೆ ಬರಲ್ಲ ಅನ್ನೋದಕ್ಕೆ ಡೇಟಾ ಇದೆಯಾ ಅಣ್ಣಾ?" ನಾನು ಏಳನೆಯ ತರಗತಿಯ ನಡುವೆಯೇ ಪಾಟೀಚೀಲ ಗೂಟಕ್ಕೆ ನೇತುಹಾಕಿದವನು. ನನ್ನ ಬಳಿ ಡೇಟಾ ಎಲ್ಲಿಂದ ಬರಬೇಕು? ಕೂದಲಿತ್ತು, ಬೇಕಾದಷ್ಟು. ಕಥೆ ಅರ್ಧಕ್ಕೆ ಬಂದಾಗ ಅವನ ನಿಲ್ದಾಣ ಬಂತು, ಇಳಿದುಹೋದ. ಪೂರ್ತಿ ಕೇಳುವ ತಾಳ್ಮೆ ನಿಮಗಿರಬಹುದೆಂದು ನಂಬಿದ್ದೇನೆ.

ನನ್ನದು ಕ್ಷೌರದ ಕಸುಬು. ಇದನ್ನು ನಾನು ತಲೆ ತಗ್ಗಿಸಿ ಹೇಳುವುದಿಲ್ಲ, ನನ್ನ ಮುಂದೆ ತಲೆ ತಗ್ಗಿಸುವವರು ಬೇರೆಯವರು. ಶಿಗ್ಗಾವಿಯಲ್ಲಿ ಅಪ್ಪನ ಅಂಗಡಿ, ಆಮೇಲೆ ಹುಬ್ಬಳ್ಳಿ, ಆಮೇಲೆ ದುಬೈ. ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಸಿರಿಯಾದ ಗೆಳೆಯ ಇಲ್ಲಿಗೆ ಬಂದು ಅಂಗಡಿ ತೆರೆದವನು, "ನಿನ್ನಂಥ ಕೈ ಬೇಕು" ಎಂದು ಕಾಗದಪತ್ರ ಮಾಡಿಸಿ ಕರೆಸಿಕೊಂಡ. ಕನ್ನಡದವರ ಯುಗಾದಿ ಊಟದಲ್ಲಿ ಹೊಸಬರು "ಯಾವ ಕಂಪನಿ ಸಾರ್?" ಎಂದು ಕೇಳುತ್ತಾರೆ. ಹೇಳುತ್ತೇನೆ. ಕೇಳಿದವರ ಕಣ್ಣು ಎಲೆಯ ಮೇಲಿನ ಕೋಸಂಬರಿಗೆ ಹೋಗುತ್ತದೆ. ಹೋಳಿಗೆ ಮುಗಿಯುವ ಹೊತ್ತಿಗೆ ಅದೇ ಮನುಷ್ಯ ಹತ್ತಿರ ಸರಿದು, "ಭಾನುವಾರ ಮನೇಲಿರ್ತೀರಾ?" ಎಂದು ಮೆಲ್ಲಗೆ ಕೇಳುತ್ತಾನೆ. ಇಲ್ಲಿಯ ಅಂಗಡಿಗಳಲ್ಲಿ ನಮ್ಮವರ ದಪ್ಪ ಕೂದಲಿಗೆ ಕೈ ಹಾಕಲು ಹೆದರುತ್ತಾರೆ.

ಊರೊಳಗೆ ಬಾಡಿಗೆ ಮನೆಗೆ ಸರದಿಯಲ್ಲಿ ಕಾದೂ ಕಾದೂ ಸಾಕಾಗಿ, ನಾನೂ ನನ್ನ ಹೆಂಡತಿ ಶೋಭಾಳೂ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯೊಂದರಲ್ಲಿ ಪುಟ್ಟ ಮರದ ಮನೆ ಹಿಡಿದೆವು. ದೊಡ್ಡ ತೋಟದ ಮನೆಯೊಂದರ ಅಂಗಳದಾಚೆಯ ಮನೆ ಅದು. ದೊಡ್ಡ ಮನೆಯಲ್ಲಿ ಮೈಕೆನ್ ಇದ್ದಾಳೆ, ಎಪ್ಪತ್ತೆಂಟರ ಹೆಂಗಸು. ನನಗಿಂತ ಒಂದು ಗೇಣು ಎತ್ತರ. ಅವಳು ಟ್ರ್ಯಾಕ್ಟರಿನ ಕೆಳಗೆ ಮಲಗಿ ಬೋಲ್ಟು ಬಿಗಿಯುವುದನ್ನು ನೋಡಿದ ದಿನವೇ ನಾನು ಅವಳ ಭಕ್ತನಾದೆ. ಇಲ್ಲಿ ಎಂಥ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ನನ್ನ ಅವ್ವನಿಗಿಂತ ದೊಡ್ಡವಳನ್ನು "ಏ ಮೈಕೆನ್" ಎನ್ನಲು ನಾಲಿಗೆ ಏಳದೆ, ಮನೆಯೊಳಗೆ ನಾವಿಬ್ಬರೂ ಮೈಕೆನಮ್ಮ ಅನ್ನುತ್ತೇವೆ.

ತೋಟಕ್ಕೆ ಕಾಟ ಕೊಡುವ ಜೀವಿಗಳು ಎಲ್ಲ ದೇಶದಲ್ಲೂ ಇವೆ, ಕಾಟದ ಬಗೆ ಮಾತ್ರ ಬೇರೆ. ಮಳೆ ಬಿದ್ದ ಸಂಜೆ ಇಲ್ಲಿ ಹೆಬ್ಬೆರಳು ಗಾತ್ರದ ಕಂದು ಬಸವನಹುಳುಗಳು ಏಳುತ್ತವೆ, ಬೆನ್ನಿಗೆ ಚಿಪ್ಪಿಲ್ಲದವು. ರಾತ್ರಿ ಕಳೆಯುವುದರೊಳಗೆ ಲೆಟ್ಯೂಸ್ ಸಾಲನ್ನೇ ನುಂಗಿಬಿಡುತ್ತವೆ. ಅವುಗಳನ್ನು ಕತ್ತರಿಯಿಂದ ಎರಡು ತುಂಡು ಮಾಡುವುದು ಇಲ್ಲಿಯವರ ಕ್ರಮ. ಮೈಕೆನಮ್ಮ ಒಂದು ದಿನ ನನ್ನ ಬಾಗಿಲು ತಟ್ಟಿ, "ನಿನ್ನ ಹತ್ತಿರ ಹಳೇ ಕತ್ತರಿ ಇರುತ್ತವಲ್ಲ, ಒಂದು ಕೊಡು" ಎಂದಳು. ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡ ಕತ್ತರಿಯನ್ನು ಹುಳು ಕೊಯ್ಯಲು ಕೊಡುವುದೇ? ಹಾಗೆಂದು ಹೇಳುವಷ್ಟು ಸ್ವೀಡಿಷ್ ನನಗೆ ಬಾರದು. ಮರುದಿನ ಪೇಟೆಯಿಂದ ಹೊಸ ಕತ್ತರಿ ತಂದುಕೊಟ್ಟೆ. ಹಳೆಯದು ಕೇಳಿದರೆ ಹೊಸದು ಕೊಡುವ ಮನುಷ್ಯನೆಂದು ಅವಳು ನನ್ನನ್ನು ಬಹಳ ದಿನ ವಿಚಿತ್ರವಾಗಿ ನೋಡಿದಳು.

ಹುಳುವಿನ ಮಾತು ಬಿಡಿ. ನಿಜವಾದ ಕಾಟ ಜಿಂಕೆಯದು.

ಆ ತೋಟದಲ್ಲಿ ಹಿಂದೆ ಒಂದು ಸೇಬಿನ ಮರವಿತ್ತಂತೆ. ಮೈಕೆನಮ್ಮನ ಅಜ್ಜಿಯ ಕಾಲದ್ದು, ಹೆಸರಿಲ್ಲದ ಜಾತಿ. ತಿಳಿದವರು ಬಂದು ಹಣ್ಣು ಕೊಯ್ದು, ಬೀಜ ನೋಡಿ, ತಿಂದು, ತಲೆಯಾಡಿಸಿ ಹೋಗಿದ್ದರು, ಯಾರಿಗೂ ಗುರುತು ಹತ್ತಿರಲಿಲ್ಲ. ನಾವು ಬರುವುದಕ್ಕೆ ಮೊದಲಿನ ಬಿರುಗಾಳಿಯಲ್ಲಿ ಅದು ಬುಡಸಮೇತ ಉರುಳಿತು. ಬಿದ್ದ ಮರ ಒಣಗುವ ಮೊದಲೇ ಅವಳು ಅದರ ಕಡ್ಡಿಗಳನ್ನು ಕೊಯ್ದು ಕಸಿ ಕಟ್ಟಿ, ಮನೆಯ ಹಿಂದಿನ ಇಳಿಜಾರಿನಲ್ಲಿ ಒಂದು ಸಾಲು ಸಸಿ ಎಬ್ಬಿಸಿದ್ದಳು. ಮೊದಲ ಚಳಿಗಾಲ ಜಿಂಕೆಗಳು ಒಂದಷ್ಟು ತಿಂದವು. ಬೇಲಿ ಹಾಕಿದಳು. ಎರಡನೆಯ ಚಳಿಗಾಲ ಬೇಲಿಯ ಎತ್ತರಕ್ಕೂ ಹಿಮ ಒಟ್ಟಿಕೊಂಡು, ಜಿಂಕೆಗಳು ಮೆಟ್ಟಿಲು ದಾಟಿದ ಹಾಗೆ ದಾಟಿ ಬಂದು ಇನ್ನಷ್ಟು ತಿಂದವು. ಹಿಮದ ಭಾರಕ್ಕೆ ಬೇಲಿಯೂ ಬಿದ್ದುಹೋಯಿತು. ಉಳಿದವು ಹದಿನಾಲ್ಕು.

"ಮತ್ತೆ ಕಸಿ ಕಟ್ಟಿದರಾಯಿತಲ್ಲ" ಎಂದಿದ್ದೆ ನಾನು.

ಅವಳು ಕಾಫಿ ಲೋಟ ಕೆಳಗಿಟ್ಟು, ಎರಡೂ ಕೈ ಮುಂದೆ ಚಾಚಿ ತೋರಿಸಿದಳು. ಗಾಳಿಯಿಲ್ಲದ ಅಡುಗೆಮನೆಯಲ್ಲಿ ಆ ಬೆರಳುಗಳು ಅರಳಿಯೆಲೆಯಂತೆ ಅದುರುತ್ತಿದ್ದವು. ಬೋಲ್ಟು ಬಿಗಿಯಬಹುದು, ಗುದ್ದಲಿ ಹಿಡಿಯಬಹುದು, ಕಸಿಚಾಕು ಹಿಡಿದರೆ ಕೊಯ್ತ ಅಂಕುಡೊಂಕು. "ಈ ಹದಿನಾಲ್ಕು ಹೋದರೆ ಆ ಸೇಬು ಹೋಯಿತು" ಎಂದಳು. ಬೇಸರದ ದನಿಯಲ್ಲಲ್ಲ, ನಾಳೆ ಬಸ್ಸಿಲ್ಲ ಎಂದು ಹೇಳುವ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನಿನ್ನ ಅಂಗಡಿಯಲ್ಲಿ ಕತ್ತರಿಸಿದ ಕೂದಲನ್ನೆಲ್ಲ ಏನು ಮಾಡುತ್ತೀರಿ?"

ಈ ಪ್ರಶ್ನೆಯನ್ನು ನಾನು ಚಡ್ಡಿ ಹಾಕುವ ವಯಸ್ಸಿನಿಂದ ಕೇಳುತ್ತ ಬಂದಿದ್ದೇನೆ. ನಮ್ಮ ಕಡೆ ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹಂದಿಗಳು ನುಗ್ಗುತ್ತಿದ್ದವು. ಆಗ ರೈತರು ಅಪ್ಪನ ಅಂಗಡಿಗೆ ಬಂದು ಕೂದಲು ಒಯ್ಯುತ್ತಿದ್ದರು. ಹೊಲದ ಸುತ್ತ ಚೆಲ್ಲಿದರೆ ಮನುಷ್ಯರ ವಾಸನೆಗೆ ಹಂದಿ ಹತ್ತಿರ ಸುಳಿಯುವುದಿಲ್ಲ. ಆದರೆ ಅವರು ಕೂದಲನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಚೀಲದ ಬಾಯಿ ಅಗಲಿಸಿ ಹೊಸ್ತಿಲಾಚೆ ನಿಲ್ಲುತ್ತಿದ್ದರು, ಅಪ್ಪ ಮೊರದಲ್ಲಿ ಬಳಿದು ತುಂಬಬೇಕಿತ್ತು. ಬೆಳೆ ಕಾಯುವ ಕೂದಲು ಬೇಕು, ಬೆರಳಿಗೆ ಸೋಕಬಾರದು. ಅಪ್ಪ ತುಂಬಿ, ಚೀಲದ ಬಾಯಿ ಕಟ್ಟಿಕೊಡುತ್ತಿದ್ದ. ನನಗೆ ಮಾತ್ರ ಆ ಹಂದಿಗಳ ಮೇಲೆ ಒಳಗೊಳಗೇ ಪ್ರೀತಿಯಿತ್ತು.

ಸೆಪ್ಟೆಂಬರ್‌ನಲ್ಲಿ ನಾನು ಕೂದಲು ಕೂಡಿಸತೊಡಗಿದೆ. ದಿನಾ ಸಂಜೆ ಅಂಗಡಿ ಗುಡಿಸಿ ಚೀಲ ಕಟ್ಟಿ ತರುತ್ತಿದ್ದೆ.

"ಊರಾಗ ಇದ್ದಾಗ ಅಂಗಡಿಯಿಂದ ಬಂದ್ರ ಜಳಕ ಮಾಡದ ಒಳಗ ಬರಬ್ಯಾಡ ಅಂತಿದ್ರು ನಿಮ್ಮವ್ವ," ಎಂದಳು ಶೋಭಾ. "ಈಗ ಕೂದಲಿನ ಮೂಟೆ ಅಡಿಗಿಮನಿ ಬಾಗಿಲಿಗೆ ಬಂದು ಕುಂತಾವು. ಅವ್ವಗ ಫೋನ್ ಹಚ್ಚಿ ಹೇಳ್ಲೇನು?"

"ಹೇಳು. ಸ್ವೀಡನ್ನಿನ ಕೂದಲು, ಮೈಲಿಗೆ ಆಗೂದಿಲ್ಲ ಅಂತ ಹೇಳು."

ಮೈಕೆನಮ್ಮ ಮಾತ್ರ ಮೂಟೆ ಬಿಚ್ಚಿದವಳೇ ಮೊಣಕೈವರೆಗೆ ಕೈ ತೂರಿಸಿ, ಹಿಡಿಹಿಡಿಯಾಗಿ ತೆಗೆದು ಮೇಜಿನ ಮೇಲೆ ಹರವಿದಳು. ಹೊಂಬಣ್ಣ, ಕೆಂಪು, ಬಿಳಿ, ಕಪ್ಪು. ಒಳ್ಳೆಯ ಉಣ್ಣೆ ನೋಡುವಂತೆ ಬೆರಳ ನಡುವೆ ತೀಡಿ ನೋಡಿದಳು. ನಾನು ಆ ಕೈಯನ್ನೇ ನೋಡುತ್ತ ನಿಂತೆ. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿತು. ಕಣ್ಣು ಮಂಜಾದದ್ದಕ್ಕೆ ಕೂದಲಿನ ಧೂಳನ್ನು ಬೈದೆ. ಅವಳು ತನ್ನ ಹಳೆಯ ಕಾಲುಚೀಲಗಳನ್ನು ತಂದಳು, ಅವು ಮುಗಿದಾಗ ಶೋಭಾ ತನ್ನವನ್ನೂ ಕೊಟ್ಟಳು. ತುಂಬಿ, ಗಂಟು ಹಾಕಿ, ಒಂದೊಂದು ಸಸಿಯ ಊರುಗೋಲಿಗೂ ಎರಡೆರಡು ನೇತುಹಾಕಿದೆವು. ದೂರದಿಂದ ನೋಡಿದರೆ ಇಳಿಜಾರಿನಲ್ಲಿ ಪಡವಲಕಾಯಿ ಬಿಟ್ಟ ಹಾಗೆ ಕಾಣುತ್ತಿತ್ತು.

"ಇನ್ನು ಚಿಂತೆ ಬಿಡು. ಇದು ನನ್ನ ಮನೆತನದ ವಿದ್ಯೆ" ಎಂದೆ ಅವಳಿಗೆ. ಹೌದು, ಹಾಗೆಯೇ ಎಂದೆ. ಆ ಮಾತು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಹತ್ತನೆಯ ದಿನ ಬೆಳಗ್ಗೆ ಹೋಗಿ ನೋಡಿದರೆ ತುದಿಯ ಸಸಿಯ ಮೊಗ್ಗುಗಳು ಹೋಗಿದ್ದವು. ಮೈಕೆನಮ್ಮ ಬಾಗಿ ತುದಿ ನೋಡಿ, "ಮೊಲವಲ್ಲ. ಮೊಲ ಕತ್ತರಿಯ ಹಾಗೆ ಓರೆಯಾಗಿ ಕೊಯ್ಯುತ್ತದೆ. ಇದು ನಾರು ನಾರಾಗಿ ಹರಿದಿದೆ. ಜಿಂಕೆ" ಎಂದಳು. ಸಾಲದ್ದಕ್ಕೆ ಕೂದಲಿನ ಚೀಲವೊಂದನ್ನು ನೆಕ್ಕಿ ಒದ್ದೆ ಮಾಡಿ ಹೋಗಿತ್ತು. ಹೆದರುವುದು ಹೋಗಲಿ, ಮುದ್ದು ಮಾಡಿತ್ತು!

ಆ ಸಂಜೆ ಅವುಗಳನ್ನು ನೋಡಿದೆ. ತಾಯಿಯೊಂದು, ಬೆಳೆದ ಮರಿಗಳೆರಡು. ಊರಿನ ನಾಯಿಯಷ್ಟೇ ಎತ್ತರ, ಬೆಂಕಿಕಡ್ಡಿಯಂಥ ಕಾಲು, ಹಿಂಬದಿಯಲ್ಲಿ ಬಿಳಿ ಬೊಟ್ಟು. ನೆಲಕ್ಕೇ ಗೊತ್ತಾಗದ ಹಾಗೆ ಹೆಜ್ಜೆಯಿಡುತ್ತವೆ. ತಾಯಿ ನಿಂತು ಕಿವಿಯೆರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಇಡೀ ಬಯಲನ್ನು ಕೇಳಿಸಿಕೊಂಡಳು. ಆಮೇಲೆ ನೂರು ಗಿಡಗಳ ನಡುವಿನಿಂದ ನೇರವಾಗಿ ನಮ್ಮ ಸಾಲಿಗೇ ಬಂದಳು. ಕಳ್ಳರೇ, ಆದರೆ ಎಂಥ ಕಸುಬುದಾರ ಕಳ್ಳರು! ಒಳ್ಳೆಯ ಕೆಲಸ ಯಾರು ಮಾಡಿದರೂ ನನಗೆ ಕಣ್ಣು ತೆಗೆಯಲಾಗುವುದಿಲ್ಲ. ಚಪ್ಪಾಳೆ ತಟ್ಟಿ ಓಡಿಸುವುದಕ್ಕೆ ಮೊದಲು ಒಂದು ನಿಮಿಷ ಸುಮ್ಮನೆ ನಿಂತು ನೋಡಿದ್ದು ನಿಜ. ಮೈಕೆನಮ್ಮನಿಗೆ ಹೇಳಬೇಡಿ.

ತಪ್ಪೆಲ್ಲಿ? ಅಪ್ಪನ ಕಾಲದಲ್ಲಿ ಗೆದ್ದ ವಿದ್ಯೆ ನನ್ನ ಕೈಯಲ್ಲಿ ಸೋತದ್ದು ಹೇಗೆ? ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಒಂದು ಚೀಲ ಬಿಚ್ಚಿ ಮೂಗಿಗೆ ಹಿಡಿದೆ. ಹಿಡಿದವನು ಅಲ್ಲೇ ಹುಲ್ಲಿನ ಮೇಲೆ ಕುಳಿತೆ.

ಹಸಿರು ಸೇಬಿನ ಪರಿಮಳ!

ನಮ್ಮ ಅಂಗಡಿಯಲ್ಲಿ ಗಿರಾಕಿ ಬಂದ ಕೂಡಲೇ ಮೊದಲು ತೊಟ್ಟಿಗೆ ತಲೆ ಒರಗಿಸಿ ಶಾಂಪೂ ಹಾಕಿ ತೊಳೆಯುತ್ತೇವೆ, ಆಮೇಲೆ ಕತ್ತರಿ. ಯಜಮಾನ ತರಿಸುವುದು ಸೇಬಿನ ಪರಿಮಳದ ಶಾಂಪೂ. ಶಿಗ್ಗಾವಿಯಲ್ಲಿ ಹಾಗೆಲ್ಲಿತ್ತು? ಹೊಲದಿಂದ ನೇರ ಬಂದ ತಲೆ, ಬೆವರು, ಮಣ್ಣು, ಎಣ್ಣೆ, ಬೀಡಿಯ ಹೊಗೆ. ಆ ಕೂದಲು ಬಿದ್ದಲ್ಲಿ ಮನುಷ್ಯನೇ ಬಿದ್ದುಕೊಂಡ ಹಾಗೆ. ಇಲ್ಲಿಯದರಲ್ಲಿ ಮನುಷ್ಯನ ವಾಸನೆಯೇ ಇಲ್ಲ. ಸೇಬಿನ ಸಸಿಗೆ ಸೇಬಿನ ಘಮ ಕಟ್ಟಿ, ಬನ್ನಿ ಬನ್ನಿ ಎಂದು ನಾನೇ ಜಿಂಕೆಗಳನ್ನು ಕರೆದಿದ್ದೆ.

ವಿಷಯ ತಿಳಿಸಿದಾಗ ಮೈಕೆನಮ್ಮ ಮೇಜಿಗೆ ತಲೆಯಿಟ್ಟು ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಫೋನು ತೆಗೆದು ಬೋರ್ಯೆಗೆ ಹಚ್ಚಿದಳು.

ಬೋರ್ಯೆ ಆಚೆ ತೋಟದ ಹಸು ಸಾಕುವವನು, ಊರಿನ ಬೇಟೆಗಾರರ ಗುಂಪಿನ ಮುಖಂಡ. ಅಕ್ಟೋಬರ್‌ನಲ್ಲಿ ಇಲ್ಲಿ ಮೂಸ್ ಬೇಟೆ. ನಮ್ಮ ಕಡವೆಗಿಂತ ದೊಡ್ಡದಾದ ಆ ಪ್ರಾಣಿಗಾಗಿ ಊರಿನ ಗಂಡಸರು, ಹೆಂಗಸರೂ ಸಹ, ವಾರಗಟ್ಟಲೆ ಕಾಡಿನಲ್ಲಿರುತ್ತಾರೆ. ಪರಿಮಳದ ಸೋಪು, ಶಾಂಪೂ ಯಾವುದನ್ನೂ ತಲೆಗೆ ತಾಗಿಸುವುದಿಲ್ಲ, ಮೂಸಿಗೆ ಸುಳಿವು ಸಿಗಬಾರದಲ್ಲ. ಬೆಂಕಿಯ ಮುಂದೆ ಕೂತ ಹೊಗೆ, ಟೊಪ್ಪಿಗೆಯೊಳಗಿನ ಬೆವರು, ನಾಯಿಯ ಜೊಲ್ಲು ಎಲ್ಲವೂ ಆ ತಲೆಗಳಲ್ಲಿ ಭದ್ರ. ಬೇಟೆ ಮುಗಿದ ಭಾನುವಾರ ಮನೆಗೆ ಹೋಗುವ ಮುಂಚೆ ಎಲ್ಲರೂ ಮೈಕೆನಳ ಕೊಟ್ಟಿಗೆಗೆ ಬಂದು ಪುಕ್ಕಟೆ ಕ್ಷೌರ ಮಾಡಿಸಿಕೊಳ್ಳತಕ್ಕದ್ದು ಎಂದು ಅವಳಿಂದ ಫೋನಿನಲ್ಲೇ ಅಪ್ಪಣೆಯಾಯಿತು. ಷರತ್ತು ಒಂದೇ, ತಲೆಗೆ ನೀರು ಸೋಕಿಸಬಾರದು.

ಬಂದರು ನೋಡಿ! ಸರತಿ ಸಾಲಿನಲ್ಲಿ, ಒಬ್ಬರಿಗೊಬ್ಬರು ಒಂದು ಮಾರು ಬಿಟ್ಟುಕೊಂಡು, ಕಿತ್ತಳೆ ಬಣ್ಣದ ಟೊಪ್ಪಿಗೆ ಕೈಯಲ್ಲಿ ಹಿಡಿದು, ಮದುವೆಗೆ ಬಂದ ಬೀಗರಂತೆ ಸಂಕೋಚದಿಂದ ನಿಂತರು. ಮೈಕೆನಮ್ಮ ಕಾಫಿ ಕಾಯಿಸಿದ್ದಳು, ಶೋಭಾ ಉಪ್ಪಿಟ್ಟು ಮಾಡಿದ್ದಳು. ಹಾಲು ಕರೆಯುವ ಸ್ಟೂಲಿನ ಮೇಲೆ ಮೊದಲು ಕುಳಿತವನು ಬೋರ್ಯೆ.

"ಹತ್ತು ದಿನವಾಯಿತು ತೊಳೆದು," ಎಂದ. "ಹೆಂಡತಿ ಕಾರಿನ ಕಿಟಕಿ ಇಳಿಸಿಕೊಂಡು ಕರೆತಂದಳು. ಈ ತಲೆ ಬೇಕು ಅಂದವನು ಇಡೀ ದೇಶದಲ್ಲಿ ನೀನೊಬ್ಬನೇ."

"ನಮ್ಮ ಊರಿನಲ್ಲಿ ಇಂಥ ತಲೆಗೆ ತುಂಬಾ ಮರ್ಯಾದೆ" ಎಂದೆ.

"ಹಾಗಾದರೆ ನಾನು ಅಲ್ಲಿ ಹುಟ್ಟಬೇಕಿತ್ತು."

"ಸುಮ್ಮನೆ ಕೂತುಕೋ ಬೋರ್ಯೆ," ಎಂದಳು ಮೈಕೆನಮ್ಮ. "ಜೀವಮಾನದಲ್ಲಿ ಮೊದಲ ಸಲ ನಿನ್ನ ತಲೆ ಉಪಯೋಗಕ್ಕೆ ಬರುತ್ತಿದೆ."

ಕೊಟ್ಟಿಗೆಯೆಲ್ಲ ನಕ್ಕಿತು. ಸಂಕೋಚ ಹೋಯಿತು. ಅಂದು ನಾನು ಕತ್ತರಿ ಕೆಳಗಿಡದೆ ಕೆಲಸ ಮಾಡಿದೆ. ಪೇಟೆಯ ಅಂಗಡಿಯಲ್ಲಿ ಗಿರಾಕಿಗಳು ಕಣ್ಣು ಮುಚ್ಚಿ ಕೂರುತ್ತಾರೆ, ಇವರು ಕಣ್ಣು ತೆರೆದು ನನ್ನ ಕೈ ನೋಡಿದರು. ಹಸುವಿನ ಕೆಚ್ಚಲು, ಗರಗಸ, ಬಂದೂಕು ಹಿಡಿದು ಬದುಕುವವರಿಗೆ ಇನ್ನೊಬ್ಬನ ಕೈಯ ಕೆಲಸ ನೋಡಲು ಬರುತ್ತದೆ. ಸಂಜೆಯ ಹೊತ್ತಿಗೆ ನೆಲದ ಮೇಲೆ ರಾಶಿ ಬಿದ್ದಿತ್ತು. ಮೂಗಿಗೆ ಹಿಡಿದೆ. ಸಾಕ್ಷಾತ್ ಶಿಗ್ಗಾವಿ!

ಹೊಸ ಚೀಲ ಕಟ್ಟಿದ ಮೇಲೆ ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು. ಹಿಮ ಬಿದ್ದ ಬೆಳಗ್ಗೆ ಹೋದರೆ ಗೊರಸಿನ ಗುರುತುಗಳು ಕಾಡಿನಂಚಿನಿಂದ ಸಸಿಗಳ ಕಡೆಗೆ ಬಂದು, ನಾಲ್ಕು ಮಾರು ದೂರದಲ್ಲೇ ನಿಂತು, ಸುತ್ತು ಹಾಕಿ ಹಿಂದಿರುಗಿರುತ್ತಿದ್ದವು. ನಾನು ಆ ಗುರುತುಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಬಸ್ಸಿನಲ್ಲಿ ಎದೆಯುಬ್ಬಿಸಿ ಕೂತೆ.

ಫೆಬ್ರವರಿಯಲ್ಲಿ ಹಿಮ ಮೀನಖಂಡದವರೆಗೆ ಬಂತು. ಅದರ ಮೇಲೆ ಮಳೆ ಬಿದ್ದು, ಮಳೆ ಹೆಪ್ಪುಗಟ್ಟಿ, ನೆಲವೆಲ್ಲ ಗಾಜಿನ ಮುಚ್ಚಳ. ಅದರ ಕೆಳಗಿನ ಒಂದು ಹುಲ್ಲುಕಡ್ಡಿಯೂ ಯಾವ ಬಾಯಿಗೂ ಸಿಗದು. ಆ ವಾರ ಜಿಂಕೆಗಳು ಬಂದವು. ನಾಲ್ಕು ಮಾರು ದೂರದಲ್ಲಿ ನಿಲ್ಲಲಿಲ್ಲ. ಬೋರ್ಯೆಯ ತಲೆಗೂ ಹೆದರಲಿಲ್ಲ. ಬೆಳಗ್ಗೆ ನೋಡಿದಾಗ ಹದಿನಾಲ್ಕರಲ್ಲಿ ಒಂಬತ್ತು ಸಸಿಗಳು ಮೊಣಕಾಲೆತ್ತರದ ಮೋಟುಗಳಾಗಿದ್ದವು. ಕಸಿಯ ಗಂಟಿನ ಮೇಲಿನದೆಲ್ಲ ಮಾಯ, ಕೆಳಗೆ ಉಳಿದದ್ದು ಕಾಡುಸೇಬಿನ ಬೇರುಗಿಡ ಮಾತ್ರ.

ನನಗೆ ಮೈಕೆನಮ್ಮನ ಮುಖ ನೋಡಲಾಗಲಿಲ್ಲ. "ನಾನು ಹೇಳಿದ್ದೆ, ಮನೆತನದ ವಿದ್ಯೆ ಅಂತ..." ಎಂದೇನೋ ತೊದಲಿದೆ.

ಅವಳು ಒಂದು ಮೋಟನ್ನು ಮುಟ್ಟಿ ನೋಡುತ್ತಿದ್ದಳು. "ಮೂರು ತಿಂಗಳು ತಡೆದೆ. ನನ್ನ ಬೇಲಿ ಮೂರು ವಾರ ತಡೆದಿರಲಿಲ್ಲ" ಎಂದಳು. ಆಮೇಲೆ ಕಾಡಿನ ಕಡೆ ನೋಡಿ, "ಇಷ್ಟು ಹೆದರಿಕೊಂಡೂ ಬಂದಿವೆ ಎಂದರೆ ಎಷ್ಟು ಹಸಿದಿದ್ದವೋ" ಎಂದಳು. ಅಜ್ಜಿಯ ಮರದ ಸಸಿಗಳನ್ನು ತಿಂದವುಗಳ ಬಗ್ಗೆ ಹೀಗೆ ಮಾತಾಡುವ ಮನಸ್ಸು ಎಲ್ಲಿಂದ ತಂದಳೋ ತಿಳಿಯದು. ಆ ದಿನದಿಂದ ಹಿಮ ಕರಗುವ ತನಕ ನಾವಿಬ್ಬರೂ ಸರದಿಯ ಮೇಲೆ ಬೆಳಗು ಸಂಜೆ ಸಾಲಿನುದ್ದಕ್ಕೂ ಓಡಾಡಿ ಉಳಿದ ಐದನ್ನು ಕಾದೆವು.

ಮಾರ್ಚಿನಲ್ಲಿ ಅವಳು ಆ ಐದು ಸಸಿಗಳಿಂದ ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳನ್ನು ಕೊಯ್ದು ಒದ್ದೆ ಮರಳಿನಲ್ಲಿ ಹುಗಿದಿಟ್ಟಳು. ಒಂಬತ್ತು ಮೋಟಿಗೆ ಬೇಕಾಗುವಷ್ಟು, ಅದಕ್ಕಿಂತ ಎರಡೇ ಎರಡು ಹೆಚ್ಚು. ಏಪ್ರಿಲಿನ ಒಂದು ಶನಿವಾರ ನನ್ನನ್ನು ಇಳಿಜಾರಿಗೆ ಕರೆದಳು. ಮೊದಲ ಮೋಟಿನ ಮುಂದೆ ಮಂಡಿಯೂರಿ, ಕಸಿಚಾಕು ಬಿಚ್ಚಿ, ಕಡ್ಡಿ ಹಿಡಿದು ಕೊಯ್ದಳು. ಕೊಯ್ತ ಅಲೆಯಲೆಯಾಗಿ ಬಂತು. ಇನ್ನೊಂದು ತೆಗೆದುಕೊಂಡಳು. ಅದೂ ಹಾಗೆಯೇ. ಹೆಚ್ಚಿಗೆ ಇದ್ದ ಎರಡೂ ಮುಗಿದವು. ಹಾಳಾದ ಕಡ್ಡಿಗಳನ್ನು ಅವಳು ಎಸೆಯಲಿಲ್ಲ, ತೊಡೆಯ ಮೇಲೆ ಜೋಡಿಸಿಟ್ಟುಕೊಂಡಳು. ಆಮೇಲೆ ಚಾಕುವನ್ನು ತಿರುಗಿಸಿ, ಹಿಡಿ ನನ್ನ ಕಡೆ ಬರುವಂತೆ ಚಾಚಿದಳು.

"ನಾನು ಇದನ್ನು ಕಲಿತವನಲ್ಲ. ಶಾಲೆ ಕೂಡ ಪೂರ್ತಿ..."

"ನಾನು ಯಾವ ಶಾಲೆಯಲ್ಲಿ ಕಲಿತೆ? ಅಡ್ಡ ಕೊಯ್ಯಬೇಡ, ಓರೆಯಾಗಿ. ಒಂದೇ ಎಳೆತ, ನಡುವೆ ನಿಲ್ಲಿಸಬೇಡ."

ಒಂದೇ ಎಳೆತ, ನಡುವೆ ನಿಲ್ಲಿಸಬೇಡ. ಬದುಕಿರುವ ಮನುಷ್ಯನ ಕುತ್ತಿಗೆಯ ಮೇಲೆ ನಾನು ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವುದು ಅದನ್ನೇ. ಚಾಕುವಿನ ಅಲಗನ್ನು ಹೆಬ್ಬೆರಳ ಮೇಲೆ ನೋಡಿಕೊಂಡೆ. ಉಸಿರು ಬಿಗಿಹಿಡಿದು ಕಡ್ಡಿಯ ಮೇಲೆ ಎಳೆದೆ. ಆಮೇಲೆ ಮೋಟಿನ ಮೇಲೆ. ಒಳಗಿನ ತಿಳಿಹಸಿರು ಎರಡೂ ಕಡೆ ಒದ್ದೆಯಾಗಿ ಹೊಳೆಯಿತು. ಕೊಯ್ತಕ್ಕೆ ಕೊಯ್ತ ಸೇರಿಸಿ ಹಿಡಿದೆ.

ಮೈಕೆನಮ್ಮ ಕನ್ನಡಕ ಸರಿಮಾಡಿಕೊಂಡು, ಕೆನ್ನೆ ಮೋಟಿಗೆ ತಾಗುವಷ್ಟು ಬಾಗಿ, ಸೂರ್ಯನಿಗೆ ಎದುರಾಗಿ ಆ ಸಂದಿಯನ್ನು ನೋಡಿದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಬೆಳಕು ಎಲ್ಲಿಯೂ ನುಸುಳುತ್ತಿರಲಿಲ್ಲ. ಅದುರುವ ಬೆರಳುಗಳಿಂದ ಅದರ ಸುತ್ತ ಟೇಪು ಬಿಗಿದು, ಮೇಣ ಹಚ್ಚಿ, ಮಂಡಿಯ ಮೇಲೆಯೇ ತೆವಳುತ್ತ ಎರಡನೆಯ ಮೋಟಿನ ಹತ್ತಿರ ಹೋಗಿ ಕುಳಿತಳು.

"ಬಾ," ಎಂದಳು. "ಇನ್ನೂ ಎಂಟು ಇವೆ."